ನಾಲ್ಕು ಮಿಲಿಮೀಟರಿನ ಸಂಕಟ

ಮಳೆ ಹಿಂದೆ ಸರಿದದ್ದೇ ತಡ, ವಾರಾಂತ್ಯದ ಕಾರುಗಳು ಹಳಿಯಾಳ ದಾಟಿ ದಾಂಡೇಲಿಗೆ ನುಗ್ಗುತ್ತವೆ. ಹಗಲು ರಾಫ್ಟಿಂಗ್, ರಾತ್ರಿ ಡಿಜೆ. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ ಲಂಟಾನದ ಮೇಲೆ ಕೂತ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗನ್ನು ಕೇಳುವವರಿಲ್ಲ. ನಾವು ಕೇಳಿದೆವು.

ರಾಜ್ಯ ಚಿಟ್ಟೆಯ ಪಟ್ಟ ಹೇಗಿದೆ?

ಪಟ್ಟ ಹಾಗಿರಲಿ, ಅಳತೆ ಕೇಳಿ. 1932ರಲ್ಲಿ ಬ್ರಿಗೇಡಿಯರ್ ಇವಾನ್ಸ್ ನಮ್ಮ ಕುಲದ ರೆಕ್ಕೆ 190 ಮಿಲಿಮೀಟರ್ ಎಂದು ಬರೆದಿಟ್ಟರು. 88 ವರ್ಷ ದೇಶಕ್ಕೇ ನಾವು ದೊಡ್ಡವರು. 2020ರಲ್ಲಿ ಉತ್ತರಾಖಂಡದ ದೀದಿಹಾಟ್‌ನ ಗೋಲ್ಡನ್ ಬರ್ಡ್‌ವಿಂಗ್ ಒಬ್ಬಳು 194 ಅಂತೆ! ಮರು ಎಣಿಕೆ ಇಲ್ಲವಾ?

ನಮಗೂ ಅದು ಕೆಟ್ಟ ವರ್ಷವೇ. 2019ರ ನವೆಂಬರಿನಲ್ಲಿ ಶುರುವಾದ ಅಳ್ನಾವರ–ಅಂಬೇವಾಡಿ ರೈಲು ಕೊರೊನಾಕ್ಕೆ ನಿಂತಿತು. ಜನ ರೈಲಲ್ಲಿ ಬಂದಿದ್ದರೆ ಇಷ್ಟು ಕಾರು...

ನಾಲ್ಕೇ ಮಿಲಿಮೀಟರ್, ಸ್ವಾಮಿ!

ನೀಲಿ ಹುಲಿ ಚಿಟ್ಟೆಗಳು ಮುಂಗಾರಿಗೆ ಮೊದಲು ಪೂರ್ವದ ಬಯಲಿಗೆ ಹೋಗಿ, ಮಳೆ ಮುಗಿದ ಮೇಲೆ ಘಟ್ಟಕ್ಕೆ ವಾಪಸಾಗುತ್ತವೆ. ಅವಕ್ಕಾದರೂ ಹೋಗಿಬರುವ ವ್ಯವಸ್ಥೆ ಇದೆ, ನಮಗೆ...

ಅವರ ರೆಕ್ಕೆ ನನ್ನ ಅರ್ಧ ಬಂದರೆ ಹೆಚ್ಚು.

ಮುಂಡಗೋಡದ ಅತ್ತಿವೇರಿಯಲ್ಲಿ ಹಕ್ಕಿಗೆ ಧಾಮ ಇದೆ. ಇಲ್ಲಿ ಹುಲಿಗೆ 2007ರಿಂದ ಮೀಸಲು, 2015ರಲ್ಲಿ ಅದಕ್ಕೆ ಕಾಳಿ ಅಂತ ಹೊಸ ಹೆಸರೂ ಬಂತು. ನಿಮಗೆ?

ಹುಲಿಯನ್ನು ಯಾರಾದರೂ ಸ್ಕೇಲು ಹಿಡಿದು ಅಳೆದಿದ್ದಾರಾ?

ರೆಸಾರ್ಟೊಂದರಲ್ಲಿ ಬೇಲಿ ಸವರಿ, ಹುಲ್ಲುಹಾಸು ಹಾಸಿ, ‘ಬಟರ್‌ಫ್ಲೈ ಗಾರ್ಡನ್’ ಬೋರ್ಡು ನೆಟ್ಟಿದ್ದಾರಲ್ಲ. ಖುಷಿಯೇ?

(ಸ್ವಲ್ಪ ಹೊತ್ತು ಮಾತಿಲ್ಲ.)

ಆ ಬೇಲಿಯಲ್ಲಿ ಈಶ್ವರಿ ಬಳ್ಳಿ ಇತ್ತು. ನನ್ನ ಮರಿಹುಳು ಆ ಬಳಗದ ಎಲೆ ಬಿಟ್ಟು ಬೇರೇನನ್ನೂ ಮೂಸುವುದಿಲ್ಲ. ಆ ವಿಷವನ್ನು ತಿಂದೇ ಅದು ಹಕ್ಕಿಯ ಬಾಯಿಗೆ ಕಹಿಯಾಗುವುದು. ಮಕರಂದ ಈ ಹಾಳು ಲಂಟಾನದಲ್ಲೂ ಸಿಗುತ್ತದೆ, ಮೊಟ್ಟೆ ಎಲ್ಲಿಡಲಿ? ಹುಲ್ಲುಹಾಸಿನ ಮೇಲಾ? ಔಷಧಿಗೆಂದು ಬೇರು ಅಗೆದಿರಿ. ಉಳಿದದ್ದನ್ನು ಕಳೆ ಅಂತ ಕಡಿದಿರಿ. ಹಳದಿ-ಕೆಂಪು, ನಾಡಿನ ಬಾವುಟದ ಬಣ್ಣ ಅಂತ ನನ್ನನ್ನು ಆರಿಸಿದಿರಲ್ಲ, ಬಾವುಟಕ್ಕೆ ಹಸಿವಾಗುವುದಿಲ್ಲ. ನನ್ನ ಮರಿಗಳಿಗೆ ಆಗುತ್ತದೆ.

...ಹಳಿಯ ಪಕ್ಕದಲ್ಲಿ ಈಶ್ವರಿ ಬಳ್ಳಿ ಹಬ್ಬಿಸಬಹುದಲ್ಲವೇ? ರೈಲು ಬಂದರೆ ಕಿಟಕಿಯಿಂದಲೇ...

ನಿಮ್ಮ ಹಳಿ ಎಷ್ಟು ಅಗಲ?

1676 ಮಿಲಿಮೀಟರ್.

ಪರವಾಗಿಲ್ಲ, ಅಳತೆ ಬಲ್ಲವರು. ಒಮ್ಮೆ ದೀದಿಹಾಟ್‌ಗೆ ಹೋಗಿ ಬನ್ನಿ. ಟೇಪು ನಿಮ್ಮದೇ ಇರಲಿ.