ಗಾಳಿಯ ಉಳಿತಾಯ ಖಾತೆ

‘47 ಮೀಟರ್ಸ್ ಡೌನ್’ ಚಿತ್ರದಲ್ಲಿ ಶಾರ್ಕ್‌ಗಳಿವೆ, ನಿಜ. ಆದರೆ ಬ್ಯಾಂಕಿನ ಕೌಂಟರಿನಲ್ಲಿ ತಲೆ ನರೆಸಿಕೊಂಡ ನನ್ನಂಥವನ ಎದೆ ನಡುಗಿಸಿದ್ದು ಸಿಲಿಂಡರಿನ ಮೀಟರು. ಜೊಹಾನಸ್ ರಾಬರ್ಟ್ಸ್ ನಿರ್ದೇಶನದ, 2017ರಲ್ಲಿ ತೆರೆಕಂಡ ಚಿತ್ರ. ಮೆಕ್ಸಿಕೋಗೆ ರಜೆ ಕಳೆಯಲು ಹೋದ ಅಕ್ಕತಂಗಿಯರು ಶಾರ್ಕ್ ನೋಡೋಣವೆಂದು ಕಬ್ಬಿಣದ ಪಂಜರದಲ್ಲಿ ಕಡಲಿಗಿಳಿಯುತ್ತಾರೆ. ಪಂಜರ ಕಳಚಿಕೊಂಡು ಸೀದಾ 47 ಮೀಟರ್ ಆಳದ ತಳದಲ್ಲಿ ಹೋಗಿ ಕೂರುತ್ತದೆ. ಅಷ್ಟು ಆಳದ ಒತ್ತಡದಲ್ಲಿ ಒಂದು ಉಸಿರಿಗೆ ಮೇಲಿನ ಸುಮಾರು ಆರು ಉಸಿರಿನಷ್ಟು ಗಾಳಿ ಖರ್ಚಾಗುತ್ತದೆ. ಮೇಲೆ ಒಂದು ಗಂಟೆ ಬರುವ ಸಿಲಿಂಡರು ಅಲ್ಲಿ ಹತ್ತು ನಿಮಿಷಕ್ಕೆ ಖಾಲಿ. ಇಂಥ ಕಡೆ ಕೂತು ಈ ಹುಡುಗಿಯರು ಅಳುತ್ತಾರೆ, ಕಿರುಚುತ್ತಾರೆ, ಸಾಲದ್ದಕ್ಕೆ ಕೈಕೊಟ್ಟ ಗೆಳೆಯನ ಸುದ್ದಿ ಬೇರೆ. “ಓವರ್‌ಡ್ರಾಫ್ಟ್ ಆಗ್ತಿದೆ ಕಣಮ್ಮಾ!” ಎಂದು ನಾನು ಟಿವಿ ಮುಂದೆ ಚಡಪಡಿಸಿದೆ.

ಈ ಚಿತ್ರ ನೋಡುವುದಕ್ಕೂ ಕಾರಣವಿತ್ತು. ಮಗಳು ನಮ್ಮಿಬ್ಬರ ಹೆಸರಲ್ಲಿ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಬುಕ್ ಮಾಡಿದ್ದಳು. ತಯಾರಿಗೆಂದು ನನ್ನ ಹೆಂಡತಿ 2022ರ ‘ಗಂಧದ ಗುಡಿ’ ನೋಡಿದಳು. ಅದರಲ್ಲಿ ಪುನೀತ್ ಇದೇ ನೇತ್ರಾಣಿಯ ನೀರಿಗೆ ಇಳಿಯುತ್ತಾರೆ. “ಅಪ್ಪು ಎಷ್ಟು ಆರಾಮಾಗಿದ್ದಾರೆ ನೋಡ್ರೀ” ಅಂದಳು. ನಾನು ಅಷ್ಟರಲ್ಲಿ ನನ್ನ ಪಠ್ಯಪುಸ್ತಕ ಮುಗಿಸಿಯಾಗಿತ್ತು.

ಮುರುಡೇಶ್ವರದಿಂದ ದೋಣಿ ಹೊರಟಿತು. ಹಿಂದೆ ತಿರುಗಿದಾಗಲೆಲ್ಲ 123 ಅಡಿಯ ಶಿವ ಚಿಕ್ಕವನಾಗುತ್ತಾ ಹೋಗಿ ಹೆಬ್ಬೆರಳಿನಷ್ಟಾದ. ಬೆಳಿಗ್ಗೆ ತಿಂದ ಬನ್ಸ್ ಮತ್ತು ನಾನು ಬೇರೆಬೇರೆಯಾದೆವು. ಅದನ್ನು ತಿನ್ನಲು ಮೀನುಗಳ ಹಿಂಡೇ ಬಂತು. ಆ ದಿನ ನನ್ನಿಂದ ಯಾರಿಗಾದರೂ ಉಪಕಾರವಾಗಿದ್ದರೆ ಅದೊಂದೇ.

ಸಿನಿಮಾದವರದು ಮುಖವಿಡೀ ಮುಚ್ಚುವ, ಒಳಗಿಂದಲೇ ಹರಟೆ ಹೊಡೆಯಬಹುದಾದ ಮಾಸ್ಕ್. ನಮಗೆ ಕೊಟ್ಟದ್ದು ಕಣ್ಣು ಮೂಗು ಮಾತ್ರ ಮುಚ್ಚುವಂಥದ್ದು. ಬಾಯಲ್ಲಿ ರಬ್ಬರು ಕಚ್ಚಿಕೊಂಡಿರಬೇಕು. ಮುಖ ಮುಳುಗಿಸಿ ನೋಡಿದರೆ ನನ್ನದರೊಳಗೆ ನೀರು ನಿಲ್ಲದೆ ಜಿನುಗತೊಡಗಿತು. ತರಬೇತುದಾರ ಹುಡುಗ ಹತ್ತಿರ ಬಂದು ನನ್ನ ಮೂಗಿನ ಕೆಳಗೇ ದೃಷ್ಟಿ ನೆಟ್ಟ.

“ಸರ್, ಮೀಸೆ ಸಂದಿಯಿಂದ ಬರ್ತಾ ಇದೆ. ಬೋಳಿಸ್ತೀರಾ, ವ್ಯಾಸಲೀನ್ ಹಚ್ಚಲಾ?”

ಮದುವೆಗೂ ಮುಂಚಿನ ಮೀಸೆ ಅದು. ಹಚ್ಚು ಎಂದೆ. ಅವನು ಬೆರಳಲ್ಲಿ ದಪ್ಪಗೆ ತೆಗೆದು, ಎರಡೂ ಕಡೆಯ ಕೂದಲನ್ನು ಮೇಲಿಂದ ಕೆಳಕ್ಕೆ ಒತ್ತಿ ಒತ್ತಿ ಮೆತ್ತಿದ. ಹೆಂಡತಿ ಫೋಟೊ ತೆಗೆದಳು.

ನೀರಿಗಿಳಿದ ತಕ್ಷಣ ನಾನು ಕಲಿತದ್ದನ್ನು ಪ್ರಯೋಗಿಸಿದೆ. ಒಂದು ಉಸಿರು ಎಳೆದುಕೊಂಡು ಭದ್ರವಾಗಿ ಠೇವಣಿ ಇಟ್ಟೆ. ಶ್ವಾಸಕೋಶ ಉಬ್ಬಿದ್ದರಿಂದ ದೇಹ ತಾನಾಗಿ ಮೇಲೇಳತೊಡಗಿತು. ಹುಡುಗ ಕೆಳಕ್ಕೆಳೆದ. ಮತ್ತೆ ಉಳಿತಾಯ ಮಾಡಿದೆ, ಮತ್ತೆ ಎದ್ದೆ. ಕೊನೆಗೆ ನನ್ನನ್ನು ಮೇಲಕ್ಕೇ ಕರೆತಂದು ಹೇಳಿದ: “ಉಸಿರು ಕಟ್ಟಲೇಬಾರದು ಸರ್. ಮೇಲೆ ಬರುವಾಗ ಒಳಗಿರೋ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಅಪಾಯ. ಧಾರಾಳವಾಗಿ ಎಳೀರಿ, ಬಿಡಿ. ದುಡ್ಡು ಕೊಟ್ಟಾಗಿದೆ.”

ಮತ್ತೆ ಇಳಿದೆವು. ಹಳದಿ ಪಟ್ಟೆಯ ಮೀನುಗಳು ಕಲ್ಲಿನ ಸಂದಿಯಿಂದ ಹೊರಬಂದು ನನ್ನ ಮೀಸೆಯನ್ನು ಪರಿಶೀಲಿಸಿದವು. ಇಷ್ಟು ಚಂದ ನಿಜವಿರಲಾರದು, ಸಿನಿಮಾದಲ್ಲಿ ಹೇಳಿದ ಹಾಗೆ ಸಾರಜನಕ ತಲೆಗೇರಿರಬೇಕು ಎಂದುಕೊಂಡೆ. ದೋಣಿಗೆ ಬಂದ ಮೇಲೆ ಹುಡುಗನನ್ನು ಕೇಳಿದೆ.

“ಅದು ಸುಮಾರು 30 ಮೀಟರ್ ಆದ ಮೇಲೆ ಸರ್. ನೀವು ಹೋಗಿದ್ದು ಆರು.”

ಅವನು ಸಿಲಿಂಡರುಗಳ ಮೀಟರ್ ನೋಡುತ್ತಿದ್ದ. ನಾನೂ ಬಗ್ಗಿದೆ. ಹೆಂಡತಿಯದರಲ್ಲಿ 120 ಬಾರ್ ಬಾಕಿ, ನನ್ನದರಲ್ಲಿ 70. ಉಸಿರು ಕಟ್ಟಿ, ಆಮೇಲೆ ಗಾಬರಿಯಿಂದ ಸಾಲುಸಾಲಾಗಿ ಎಳೆದು, ಉಳಿಸಿದ್ದಕ್ಕಿಂತ ಹೆಚ್ಚು ಕಳೆದಿದ್ದೆ. ಇಬ್ಬರೂ ಇಳಿದದ್ದು ಒಂದೇ ಆಳಕ್ಕೆ.

ಊಟಕ್ಕೆ ಕೂತಾಗ ಹೆಂಡತಿ ಮೊಬೈಲ್ ನೋಡುತ್ತಾ ನಕ್ಕಳು. “ರೀ, ನಿಮ್ಮ ಸಿನಿಮಾನ ಟ್ಯಾಂಕಲ್ಲಿ ತೆಗೆದಿದ್ದಂತೆ. ಸಮುದ್ರದ ಕಸದ ಥರ ಕಾಣ್ಲಿ ಅಂತ ನೀರಿಗೆ ಬ್ರೊಕೋಲಿ ಹೆಚ್ಚಿ ಹಾಕಿದ್ರಂತೆ.” ನಾನು ತಟ್ಟೆಯಲ್ಲಿದ್ದ ಪಲ್ಯವನ್ನು ಪಕ್ಕಕ್ಕೆ ಸರಿಸಿದೆ.

“2019ರಲ್ಲಿ ಎರಡನೇ ಭಾಗವೂ ಬಂದಿದೆ. ಮುಳುಗಿದ ಊರು, ಗುಹೆ ಎಲ್ಲ ಇದೆಯಂತೆ. ಅದನ್ನ ಯಾವಾಗ ನೋಡ್ತೀರಿ? ನಾನು ಪೂರ್ತಿ ಕೋರ್ಸಿಗೆ ಹೆಸರು ಕೊಟ್ಟಾಯ್ತು.”