ಕಾರ್ಡು ಶಾಸನ: ನಾಲ್ಕು ತಾಲ್ಲೂಕುಗಳ ಅಲ್ಪವ್ಯಯ ಮೀಮಾಂಸೆ

ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ನಾಲ್ಕನೆಯ ಸಂಪುಟ 1898ರಲ್ಲಿ ಹೊರಬಂತು. ಹುಣಸೂರು, ಹೆಗ್ಗಡದೇವನಕೋಟೆ, ಯಡತೊರೆ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಯಡತೊರೆ ಎಂದರೆ ಇಂದಿನ ಕೆ.ಆರ್. ನಗರ, ಪಿರಿಯಾಪಟ್ಟಣ ಆಗ ಹುಣಸೂರಿನ ಮಡಿಲಲ್ಲೇ ಇತ್ತು. ರೈಸ್ ಸಾಹೇಬರು ಹೊಲ, ಕೆರೆ ಏರಿ, ಗುಡಿಯ ಗೋಡೆ ಯಾವುದನ್ನೂ ಬಿಡದೆ ಹುಡುಕಿಸಿದರು. ಆದರೆ ಹೋಟೆಲಿನ ಗಲ್ಲಾ ಮೇಜಿನ ಗಾಜಿನಡಿ ಏನಿದೆಯೆಂದು ಅವರು ಬಗ್ಗಿ ನೋಡಲಿಲ್ಲ. ವಿದ್ವತ್ತಿನಲ್ಲಿ ಉಳಿದುಹೋದ ಆ ಕಂದಕವನ್ನು ಮುಚ್ಚುವುದೇ ಪ್ರಸ್ತುತ ಸಂಶೋಧಕನ ಅವತಾರದ ಉದ್ದೇಶ.

ಮೊದಲು ಪ್ರತಿಜ್ಞೆ: ವಿಸಿಟಿಂಗ್ ಕಾರ್ಡೆಂಬುದು ಶಾಸನವೇ. ಕಲ್ಲು ರಟ್ಟಾಗಿದೆ, ಅಳತೆ ಮೂರೂವರೆ ಇಂಚಿಗೆ ಎರಡು ಇಂಚಾಗಿದೆ, ಅಷ್ಟೆ. ಶಾಸನದ ತಲೆಯ ಮೇಲೆ ಸೂರ್ಯ, ಚಂದ್ರ, ಲಿಂಗ, ಹಸು. ಕಾರ್ಡಿನ ತಲೆಯ ಮೇಲೆ ಮನೆದೇವರು, ಜಾಗ ಮಿಕ್ಕರೆ ಗಣಪತಿ. ಶಾಸನದಲ್ಲಿ ರಾಜನ ಬಿರುದಾವಳಿ. ಕಾರ್ಡಿನಲ್ಲಿ ಮಾಲೀಕರು, ಮಾಜಿ ಉಪಾಧ್ಯಕ್ಷರು, ಸಮಾಜ ಸೇವಕರು. ಶಾಸನವು ಭೂಮಿಯ ಎಲ್ಲೆ ಹೇಳುವಾಗ ಮೂಡಲಿಗೆ ಹುಣಸೆಮರ, ಪಡುವಲಿಗೆ ಹಳ್ಳ ಎನ್ನುತ್ತದೆ. ಕಾರ್ಡು 'ಬಸ್ ಸ್ಟ್ಯಾಂಡ್ ಎದುರು, ಹಳೇ ಟಾಕೀಸ್ ಹಿಂಭಾಗ' ಎನ್ನುತ್ತದೆ. ಹುಣಸೆಮರವೂ ಇಲ್ಲ, ಟಾಕೀಸೂ ಇಲ್ಲ. ಎಲ್ಲೆ ಮಾತ್ರ ಸ್ಥಿರವಾಗಿದೆ. ಕೊನೆಗೆ ಶಾಪಾಶಯ. ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ ಬರಲೆಂದು ಹಿಂದಿನವರು ಬರೆಸಿದರು. ಈಗಿನವರು 'ನಮಗೆ ಬೇರೆ ಯಾವುದೇ ಶಾಖೆಗಳಿಲ್ಲ' ಎಂದು ಬರೆಸುತ್ತಾರೆ. ಎದುರಿನ ಅಂಗಡಿಯವನು ಅದನ್ನು ಶಾಪವೆಂದೇ ಓದಿಕೊಳ್ಳುತ್ತಾನೆ.

ಇನ್ನು ವ್ಯಯ ವಿಚಾರ. ಕಾರ್ಡು ಹೇಗೆ ಅಗ್ಗವಾಗುತ್ತದೆಂಬುದು ಈ ಶಾಸ್ತ್ರದ ರಹಸ್ಯಕಾಂಡ. ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣಕ್ಕೆ ನಾಲ್ಕು ಪ್ಲೇಟು ಬೇಕು. ನೂರು ಪ್ರತಿಗೂ ಅವೇ ನಾಲ್ಕು, ಸಾವಿರಕ್ಕೂ ಅವೇ. ಅದಕ್ಕೇ ಅಂಗಡಿಯವರು ನಿಮ್ಮ ಡಿಸೈನನ್ನು ದೊಡ್ಡ ಪ್ರೆಸ್ಸಿಗೆ ಕಳಿಸುತ್ತಾರೆ. ಅಲ್ಲಿ ಹತ್ತಾರು ಜನರ ಕಾರ್ಡನ್ನು ಒಂದೇ ದೊಡ್ಡ ಹಾಳೆಯಲ್ಲಿ ಕೂರಿಸಿ ಪ್ಲೇಟಿನ ಖರ್ಚನ್ನು ಹಂಚುತ್ತಾರೆ. ಬ್ಯೂಟಿ ಪಾರ್ಲರ್, ಬೋರ್‌ವೆಲ್, ಜ್ಯೋತಿಷ್ಯಾಲಯ, ಕೋಳಿ ಫಾರಂ ಎಲ್ಲರಿಗೂ ಒಂದೇ ಪಂಕ್ತಿ, ಒಂದೇ ಊಟ. ಹಾಳೆ ತುಂಬುವತನಕ ಕಾಯಬೇಕು. ಸಾಲಿನಲ್ಲಿ ಮುಂದಿರುವ ಕೋಳಿ ಫಾರಂ ಕೆಂಪು ಜಾಸ್ತಿ ಕುಡಿದರೆ ಅದೇ ಸಾಲಿನ ಜ್ಯೋತಿಷಿಯ ಮುಖಕ್ಕೂ ಒಂದಿಷ್ಟು ಏರುತ್ತದೆ. ಗ್ರಹಚಾರವೆಂದರೆ ಇದೇ. ಬೇಗ ಬೇಕು, ನೂರೇ ಸಾಕು ಎನ್ನುವವರಿಗೆ ಡಿಜಿಟಲ್ ಪ್ರಿಂಟುಂಟು: ದಪ್ಪ ರಟ್ಟಿನ ಒಂದು ಎ4 ಹಾಳೆಯಲ್ಲಿ ಹತ್ತು ಕಾರ್ಡು ಕುಳಿತುಕೊಳ್ಳುತ್ತವೆ. ಅದೂ ದುಬಾರಿಯೆಂದು ಕಂಡರೆ ರಬ್ಬರ್ ಸ್ಟಾಂಪು ಮಾಡಿಸಿ. ಮದುವೆ ಕಾಗದದ ಉಳಿಕೆ ರಟ್ಟನ್ನು ಕತ್ತರಿಸಿಕೊಂಡು ಒತ್ತುತ್ತ ಹೋಗಿ. ಈ ಮಾರ್ಗವನ್ನು ಪಂಡಿತರು ಹೀಗಳೆದಾರು. ಆದರೆ ಕೆಂಪು ರಟ್ಟಿನ ಮೇಲೆ ಸೊಟ್ಟಗೆ ಬಿದ್ದ ಕರಿ ಮುದ್ರೆಯನ್ನು ಪ್ರಸ್ತುತ ಸಂಶೋಧಕ ಮರೆತಿಲ್ಲ. ಗ್ಲಾಸಿ ಕಾರ್ಡುಗಳಲ್ಲಿ ಒಂದೂ ನೆನಪಿಲ್ಲ.

ಪೂರ್ವಪಕ್ಷವನ್ನು ಡಿಟಿಪಿ ಅಂಗಡಿಯಲ್ಲೇ ಕೇಳಬೇಕು.

"ಅಲ್ಲಿನ್ನೂ ಜಾಗ ಐತಲ್ಲಣ್ಣೋ."

"ಅದು ಖಾಲಿ ಇರ್ಲಿ ಗೌಡ್ರೇ, ನೋಡಕ್ ಚೆಂದ."

"ಖಾಲಿ ಬುಟ್ರೆ ದುಡ್ಡು ಕಮ್ಮಿ ಮಾಡ್ತೀಯಾ? ಇಲ್ಲ ತಾನೆ? ಹಂಗಾರೆ ಅಲ್ಲೊಂದು ಟ್ರ್ಯಾಕ್ಟ್ರು ಕೂರ್ಸು."

ಈ ತರ್ಕವನ್ನು ಯಾವ ನೈಯಾಯಿಕನೂ ಖಂಡಿಸಲಾರ. ಕೊಟ್ಟ ದುಡ್ಡಿಗೆ ಚದರ ಇಂಚಿನ ಲೆಕ್ಕದಲ್ಲಿ ಮಸಿ ಬೇಕೆಂಬುದು ನಾಲ್ಕೂ ತಾಲ್ಲೂಕುಗಳ ಸರ್ವಸಮ್ಮತ ದರ್ಶನ. ಪರಿಣಾಮವಾಗಿ ಫೋನ್ ನಂಬರು ಇರುವೆ ಸಾಲಾಗಿ ಟ್ರ್ಯಾಕ್ಟರಿನ ಚಕ್ರದಡಿ ಸಿಕ್ಕಿಕೊಳ್ಳುತ್ತದೆ.

ತಾಲ್ಲೂಕುವಾರು ಲಕ್ಷಣಗಳನ್ನು ಗುರುತಿಸದೆ ಮುಂದೆ ಹೋಗುವುದು ಸಂಶೋಧನಾ ವಿಧಾನಕ್ಕೆ ವಿರುದ್ಧ. ಹುಣಸೂರಿನದು ಹೊಗೆಸೊಪ್ಪಿನ ಪಂಚಾಂಗ. ಕಟ್ಟೆಮಳಲವಾಡಿ, ಚಿಲ್ಕುಂದಗಳಲ್ಲಿ ಹರಾಜು ಶುರುವಾಗಿ ರೈತರ ಕೈಗೆ ನಾಲ್ಕು ಕಾಸು ಬಂದಾಗ ಕಾರ್ಡುಗಳಿಗೆ ಸುಗ್ಗಿ: ಬೋರ್‌ವೆಲ್, ಬೈಕ್ ಶೋರೂಮು, ಚಿನ್ನದಂಗಡಿ. ಕಾರ್ಡನ್ನು ಯುಗಾದಿಗೆ ಅಚ್ಚು ಹಾಕಿಸಿದವನು ಖಾಲಿ ಜೇಬುಗಳಿಗೆ ಹಂಚಿದಂತೆ. ಪಿರಿಯಾಪಟ್ಟಣದ ಕಂಪಲಾಪುರದಲ್ಲೂ ಇದೇ ನ್ಯಾಯ. ಆದರೆ ಆ ತಾಲ್ಲೂಕಿಗೆ ಬೈಲುಕುಪ್ಪೆಯೂ ಸೇರಿದೆ. 1960ರ ದಶಕದ ಆರಂಭದಲ್ಲಿ ಅಲ್ಲಿ ಟಿಬೆಟನ್ನರು ನೆಲೆಸಿದಂದಿನಿಂದ ಕನ್ನಡ, ಇಂಗ್ಲಿಷ್, ಟಿಬೆಟನ್ ಮೂರು ಲಿಪಿಗೂ ಒಂದೇ ರಟ್ಟಿನಲ್ಲಿ ಜಾಗ ಹುಡುಕುವ ಪ್ರಸಂಗ ಬಂದಿದೆ. ಕೆ.ಆರ್. ನಗರ ಭತ್ತದ ಸೀಮೆ. ಅಲ್ಲಿ ಕಟಾವು ಯಂತ್ರದವನ ಕಾರ್ಡು ಗದ್ದೆ ಬದುವಿನ ಮೇಲೆ, ಕೆಸರುಗೈಯಲ್ಲಿ ಓದಿಸಿಕೊಳ್ಳಬೇಕು. ಆದ್ದರಿಂದ ಅಂಕಿ ದೊಡ್ಡದಾಗಿರತಕ್ಕದ್ದು.

ಎಚ್.ಡಿ. ಕೋಟೆಗೆ ಬಂದರೆ ಸಂಶೋಧಕನಿಗೆ ಭಯವಾಗುತ್ತದೆ. ಕಬಿನಿ ಸುತ್ತಿನ ಹೋಂಸ್ಟೇ, ಜೀಪು, ಟ್ಯಾಕ್ಸಿ, ಕಡೆಗೆ ಪಂಚರ್ ಅಂಗಡಿ, ಎಲ್ಲರ ಕಾರ್ಡಿನಲ್ಲೂ ಹುಲಿ ಅಥವಾ ಕರಿಚಿರತೆ. ನಾಗರಹೊಳೆಯಲ್ಲಿ ಹಗಲಿಡೀ ಅಲೆದರೂ ಕಾಣದ ಕರಿಚಿರತೆ ಕೋಟೆಯ ಜೇಬು ಜೇಬಿನಲ್ಲಿ ಕಣ್ಣು ಬಿಟ್ಟು ಕೂತಿದೆ. ಎಲ್ಲರಲ್ಲೂ ಇರುವ ಮೃಗವನ್ನು ಯಾರ ಗುರುತೆಂದು ನೆನಪಿಡುವುದು? ಇಂಥ ಕಡೆ ಬರೀ ಹೆಸರು, ನಂಬರು ಹೊತ್ತ ಬಿಳಿ ಕಾರ್ಡೇ ಅಪರೂಪದ ಪ್ರಾಣಿ. ಅದನ್ನು ಕಂಡವರು ಫೋಟೋ ತೆಗೆದುಕೊಳ್ಳುತ್ತಾರೆ.

ಇದೇ ತಾಲ್ಲೂಕಿನ ಬೆಳತೂರಿನಲ್ಲಿ 1057ರ ದೇಕಬ್ಬೆಯ ಶಾಸನವಿದೆ. ಅದು ಒಬ್ಬ ಹೆಣ್ಣಿನ ಕಥೆಯನ್ನಷ್ಟೇ ಹೇಳುತ್ತದೆ, ಪಕ್ಕದಲ್ಲಿ 'ಎಲ್ಲಾ ಬಗೆಯ ಶುಭ ಸಮಾರಂಭಗಳಿಗೆ ಸಂಪರ್ಕಿಸಿ' ಎನ್ನುವುದಿಲ್ಲ. ಸಾವಿರ ವರ್ಷ ಮುಟ್ಟುತ್ತಿದ್ದರೂ ಓದುಗರಿದ್ದಾರೆ.

ಈಗ ಸಿದ್ಧಾಂತ. ಊರವರು ಶಾಸನಗಳನ್ನು ಕಾಪಾಡಿದ್ದು ರಾಜನ ಬಿರುದಿಗೆ ಮರುಳಾಗಿ ಅಲ್ಲ. ಅವುಗಳಲ್ಲಿ ಬಹುಪಾಲು ದಾನಶಾಸನಗಳು. ಗದ್ದೆ, ತೋಟ, ಕೆರೆ ಯಾರಿಗೆ ಸೇರಿದ್ದೆಂದು ಕಲ್ಲು ಹೇಳುತ್ತಿತ್ತು. ನಮ್ಮ ಕಾರ್ಡು ಬಿರುದನ್ನು ಉಳಿಸಿಕೊಂಡು ದಾನವನ್ನು ಮರೆತಿದೆ. ಆದ್ದರಿಂದ ಹಿಂಬದಿಯಲ್ಲಿ ಏನಾದರೂ ಕೊಡಿ. ಸೈಟು ಮಾರುವವರು ಬರೆಸಲಿ: 1 ಗುಂಟೆಗೆ 33 ಅಡಿ × 33 ಅಡಿ, ಅಂದರೆ 1089 ಚದರ ಅಡಿ, 40 ಗುಂಟೆಗೆ 1 ಎಕರೆ. ಜಲ್ಲಿ, ಎಂ ಸ್ಯಾಂಡ್ ಸರಬರಾಜಿನವರು: 1 ಯೂನಿಟ್ಟಿಗೆ 100 ಘನ ಅಡಿ. ಮೋಟರ್ ರಿವೈಂಡಿಂಗ್ ಅಂಗಡಿಯವರು ಕರೆಂಟಿನ ದೂರಿಗೆ 1912 ಎಂದು ಹಾಕಿಸಲಿ. ರಾತ್ರಿ ಕರೆಂಟು ಹೋದಾಗ ಮನೆಮಂದಿಯೆಲ್ಲ ಟಾರ್ಚು ಹಿಡಿದು ಹುಡುಕುವುದು ಆ ಕಾರ್ಡನ್ನೇ. ಮೀಟರ್ ಬೋರ್ಡಿನ ಸಂದಿ, ಕ್ಯಾಲೆಂಡರಿನ ಮೊಳೆ, ಗಲ್ಲಾ ಮೇಜಿನ ಗಾಜಿನಡಿ, ಈ ಮೂರೇ ಕಾರ್ಡಿನ ಮೋಕ್ಷಸ್ಥಾನಗಳು. ಉಳಿದದ್ದೆಲ್ಲ ಅಂಗಿಯ ಜೇಬಿನೊಡನೆ ಒಗೆತಕ್ಕೆ ಬೀಳುವ ಪುನರ್ಜನ್ಮ. ಹಣ ಪಾವತಿಯ ಕ್ಯೂಆರ್ ಕೋಡನ್ನು ಚಿತ್ರಕಾವ್ಯದ ಚಕ್ರಬಂಧವೆಂದು ಪರಿಗಣಿಸಬಹುದು. ಬಿಡಿಸಲು ಮೊಬೈಲೆಂಬ ಪಂಡಿತ ಬೇಕು, ಚೌಕವೂ ತೀರ ಕಿರಿದಾಗಿರಬಾರದು.

ಕೊಡಲು ಏನೂ ಹೊಳೆಯದಿದ್ದರೆ ಹಿಂಬದಿಯನ್ನು ಖಾಲಿಯೇ ಬಿಡಿ. ಲ್ಯಾಮಿನೇಶನ್ ಮಾತ್ರ ಬೇಡ. ನುಣುಪಾದ ಹೊದಿಕೆಯ ಮೇಲೆ ಬಾಲ್‌ಪೆನ್ನು ಹಿಡಿಯುವುದಿಲ್ಲ. ಬರಿ ರಟ್ಟಾದರೆ ಕೂಲಿ ಲೆಕ್ಕ, ಸಿಮೆಂಟ್ ಮೂಟೆ ಲೆಕ್ಕ, ಬೀಗರ ಮನೆ ನಂಬರು ಏನಾದರೂ ಬರೆದುಕೊಳ್ಳುತ್ತಾರೆ. ಬೀಗರ ನಂಬರಿರುವ ಕಾರ್ಡನ್ನು ಯಾರೂ ಬಿಸಾಡುವುದಿಲ್ಲ.

ಅಚ್ಚಿಗೆ ಕಳಿಸುವ ಮುನ್ನ ವಾಚಕರಲ್ಲಿ ಒಂದು ವಿನಂತಿ: ಮೊಬೈಲ್ ನಂಬರನ್ನು ಮನೆಯಲ್ಲಿ ಇನ್ನೊಬ್ಬರ ಕೈಲಿ ಜೋರಾಗಿ ಓದಿಸಿ, ಬೆರಳು ಮಡಚಿ ಎಣಿಸಿ. ಹತ್ತು ಅಂಕಿ ಇರಬೇಕು.