ಮೀಟರಿಗೆ ಮುಪ್ಪು ಬಂತು

ಭಾನುವಾರ ಬೆಳಗಿನ ಜಾವ ಹೆಬ್ಬಾಳ ದಾಟಿ ನಂದಿ ಬೆಟ್ಟದ ಕಡೆ ಹೊರಡುವ ಸೈಕಲ್ ಮಂದಿಯನ್ನು ನೀವು ನೋಡಿಯೇ ಇರುತ್ತೀರಿ. ಮೈಗಂಟಿದ ಬಣ್ಣದ ಅಂಗಿ, ತಲೆಗೆ ಹೆಲ್ಮೆಟ್ಟು, ಇನ್ನೂ ಹುಟ್ಟದ ಸೂರ್ಯನಿಗೆ ಮುಂಗಡವಾಗಿ ಕಪ್ಪು ಕನ್ನಡಕ. ಯಾರನ್ನಾದರೂ ನಿಲ್ಲಿಸಿ, ‘ಏನ್ ಸ್ವಾಮಿ, ಆರೋಗ್ಯವಾ?’ ಅಂತ ಕೇಳಿ. ‘ನಂದೇನೋ ಪರವಾಗಿಲ್ಲ, ಮೀಟರ್‌ದೇ ಯಾಕೋ...’ ಎಂದು ರಾಗ ಎಳೆಯುತ್ತಾರೆ. ಹ್ಯಾಂಡಲ್ ಮೇಲೆ ಅಂಗೈಗಿಂತ ಚಿಕ್ಕ ಡಬ್ಬಿ. ಹೋದ ದಾರಿ, ಏರಿದ ಎತ್ತರ, ಎದೆಬಡಿತ, ತುಳಿದ ವ್ಯಾಟು, ಎಲ್ಲ ಅದರ ಬಾಯಲ್ಲೇ ಕೇಳಬೇಕು. ಕೊಂಡ ಹೊಸದರಲ್ಲಿ 15 ಗಂಟೆ ಓಡುತ್ತಿದ್ದದ್ದು ಈಗ ಬೆಟ್ಟದ ಬುಡ ಮುಟ್ಟುವ ಮೊದಲೇ ಬ್ಯಾಟರಿ ಕಡಿಮೆ ಎಂದು ಕೀರಲು ಶುರು ಮಾಡುತ್ತದೆ.

ಹೋದರೆ ಹೋಗಲಿ ಬಿಡಿ, ಪೆಡಲ್ ತುಳಿಯೋಕೆ ಕರೆಂಟ್ ಬೇಕಾ ಎಂದು ಕೇಳುವವರು ಈ ಪಂಥಕ್ಕೆ ಸೇರಿದವರಲ್ಲ. ಹತ್ತಿದ ಬೆಟ್ಟ ಸವಾರಿಯ ಲೆಕ್ಕ ಇಡುವ ಸ್ಟ್ರಾವಾ ಆ್ಯಪ್‌ನಲ್ಲಿ ಕಾಣದಿದ್ದರೆ ಹತ್ತಿದ ಲೆಕ್ಕಕ್ಕೇ ಬರುವುದಿಲ್ಲ. ಕಾಲಿಗೆ ಗೊತ್ತಿರುತ್ತದೆ, ನಿಜ. ಕಾಲಿನ ಸಾಕ್ಷಿ ಯಾರಿಗೆ ಬೇಕು? ಮನೆ ಗೇಟಿಗೆ ಬಂದಾಗ ಮೀಟರ್ 99.6 ಕಿಲೋಮೀಟರ್ ತೋರಿಸಿದರೆ, 100 ಆಗುವವರೆಗೆ ಅದೇ ಬೀದಿಯಲ್ಲಿ ಗಿರಕಿ ಹೊಡೆಯುವ ಮಹನೀಯರನ್ನು ಬಲ್ಲೆ. ಬೀದಿನಾಯಿಗಳೂ ಈಗ ಅವರನ್ನು ಕಂಡು ಬೊಗಳುವುದು ಬಿಟ್ಟಿವೆ. ಆ 99.9ರಲ್ಲಿ ಮೀಟರ್ ಕಣ್ಣು ಮುಚ್ಚಿದರೆ ಆಗುವ ಸಂಕಟ ಶತ್ರುವಿಗೂ ಬೇಡ.

ಹಿಂದಿನ ಮೀಟರಿಗೆ ಈ ರೋಗವಿರಲಿಲ್ಲ. ಸ್ಪೋಕಿಗೆ ಒಂದು ಮ್ಯಾಗ್ನೆಟ್ಟು, ಫೋರ್ಕಿಗೆ ಒಂದು ಸೆನ್ಸರು, ಹೊಟ್ಟೆಯೊಳಗೆ ಸಿಆರ್ 2032 ಎಂಬ ಬಿಲ್ಲೆ ಸೆಲ್ಲು. ಯಾವಾಗಲೋ ಒಮ್ಮೆ ಮುಚ್ಚಳದ ಗೀರಿಗೆ ನಾಣ್ಯ ತೂರಿಸಿ ತಿರುಗಿಸಿ, ಸೆಲ್ ಬದಲಾಯಿಸಿದರೆ ಮತ್ತೆ ವರ್ಷಗಟ್ಟಲೆ ಯೋಚನೆಯಿಲ್ಲ. ಪಾಪ, ಅದಕ್ಕೆ ಉಪಗ್ರಹಗಳ ಜೊತೆ ಮಾತುಕತೆ ಇರಲಿಲ್ಲ, ಬಣ್ಣದ ನಕ್ಷೆ ಬಿಡಿಸುವ ಹೊಣೆಯೂ ಇರಲಿಲ್ಲ.

ಈಗ ಒಳಗಿರುವುದು ಲಿಥಿಯಂ ಅಯಾನ್. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ಬಿಟ್ಟ ಜಾತಿ. ಅದನ್ನು ರೂಪಿಸಿದ್ದಕ್ಕೆ 2019ರಲ್ಲಿ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೊ ಮೂವರಿಗೂ ನೊಬೆಲ್ ಬಂತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ. ಕಂಡುಹಿಡಿದವರು ನೂರು ಮುಟ್ಟಿದರೂ ಬ್ಯಾಟರಿಗೆ ಆ ಆಯಸ್ಸು ಬರಲಿಲ್ಲ. ಚಾರ್ಜ್ ಮಾಡಿದಾಗಲೆಲ್ಲ ಒಳಗಿನ ಗ್ರಾಫೈಟಿನ ಮೇಲೆ ಒಂದು ಪೊರೆ ಚೂರುಚೂರೇ ದಪ್ಪವಾಗುತ್ತಾ ಒಂದಿಷ್ಟು ಲಿಥಿಯಂ ನುಂಗಿಕೊಂಡು ಕೂರುತ್ತದೆ. ಮುನ್ನೂರರಿಂದ ಐನೂರು ಸಲ ಪೂರ್ತಿ ತುಂಬಿ ಖಾಲಿ ಮಾಡುವ ಹೊತ್ತಿಗೆ ಶಕ್ತಿ ಶೇಕಡ 80ರ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಜೊತೆಗೆ ಒಳಗಿನ ಪ್ರತಿರೋಧವೂ ಏರುತ್ತದೆ. ಪರದೆಯ ಬೆಳಕು ಹೆಚ್ಚಿಸಿ, ನಕ್ಷೆ ತೆರೆದ ಕೂಡಲೇ ವೋಲ್ಟೇಜು ಕುಸಿದು ಮೀಟರ್ ಮಕಾಡೆ ಮಲಗುತ್ತದೆ. ಪರದೆ ಮಾತ್ರ ಅದಕ್ಕೆ ಒಂದು ನಿಮಿಷ ಮೊದಲೂ ‘ಶೇಕಡ 30’ ಎಂದೇ ಸಾಧಿಸುತ್ತಿರುತ್ತದೆ. ಮದುವೆ ಮನೆಯಲ್ಲಿ ಅಡುಗೆಯವರು, ‘ಸಾರು ಇನ್ನೂ ಐವತ್ತು ಜನಕ್ಕಾಗತ್ತೆ ಬಿಡಿ’ ಎಂದು ಭರವಸೆ ಕೊಟ್ಟು, ಐದನೇ ಎಲೆಗೇ ಸೌಟು ತಳ ಕೆರೆದ ಹಾಗೆ.

ನಮ್ಮವರ ಆರೈಕೆಯೂ ಹಾಗೇ ಇರುತ್ತದೆ. ಭಾನುವಾರ ಒಂದು ಸವಾರಿ. ಅದಕ್ಕೆ ಸೋಮವಾರವೇ ನೂರಕ್ಕೆ ನೂರು ತುಂಬಿಸಿ ವಾರವಿಡೀ ಶೋಕೇಸಿನಲ್ಲಿಡುವುದು. ಲಿಥಿಯಂ ಬ್ಯಾಟರಿಗೆ ತುಂಬಿದ ಹೊಟ್ಟೆ ಮತ್ತು ಬಿಸಿಲು ಎರಡೂ ಆಗಿಬರುವುದಿಲ್ಲ. ಅರ್ಧ ಚಾರ್ಜಿನಲ್ಲಿ ತಂಪು ಜಾಗದಲ್ಲಿಟ್ಟು ಹಿಂದಿನ ರಾತ್ರಿ ತುಂಬಿಸಿಕೊಂಡರೆ ನಾಲ್ಕು ದಿನ ಹೆಚ್ಚು ಬಾಳುತ್ತದೆ. ಇದನ್ನು ಹೇಳಿದರೆ, ‘ಪೂರ್ತಿ ಖಾಲಿ ಮಾಡಿ ಚಾರ್ಜ್ ಹಾಕ್ಬೇಕು ಕಣಯ್ಯಾ, ಆಗಲೇ ಅದಕ್ಕೆ ಕಸುವು’ ಎನ್ನುವ ಪಂಡಿತರು ಎದುರಾಗುತ್ತಾರೆ. ಅದು ನಿಕಲ್ ಕ್ಯಾಡ್ಮಿಯಂ ಕಾಲದ ಮನೆಮದ್ದು. ಅಪರೂಪಕ್ಕೊಮ್ಮೆ ಹಾಗೆ ಮಾಡಿದರೆ ಪರದೆಯ ಶೇಕಡಾವಾರು ಸುಳ್ಳು ಕಡಿಮೆಯಾದೀತು, ಹೋದ ಕಸುವು ಬರುವುದಿಲ್ಲ. ಫ್ರಿಜ್ಜಿನಲ್ಲಿಡಿ ಎನ್ನುವವರೂ ಉಂಟು. ಕೊತ್ತಂಬರಿ ಕಟ್ಟಿನ ಹಿಂದೆ ಮೀಟರ್ ಸಿಕ್ಕರೆ ಮನೆಯವರು ಏನಂದುಕೊಳ್ಳಬೇಕು?

ಬ್ರೆವೆ ಎಂಬ ದೂರದ ಸವಾರಿಯವರ ಪಾಡು ಇನ್ನೂ ಮಜ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ ಗಡುವು. ಗ್ರಾಂ ಲೆಕ್ಕ ಹಾಕಿ ಸೀಟು, ಚಕ್ರ, ಕೊನೆಗೆ ಸ್ಕ್ರೂವನ್ನೂ ಹಗುರ ಮಾಡಿಸಿದ ಸೈಕಲ್ಲಿಗೆ ಇಟ್ಟಿಗೆ ತೂಕದ ಪವರ್ ಬ್ಯಾಂಕ್ ಕಟ್ಟಿಕೊಂಡು, ವೈರು ಎಳೆದು ಮೀಟರಿಗೆ ಹಾಲು ಕುಡಿಸುತ್ತಾ ಹೋಗುತ್ತಾರೆ. ಇನ್ನೂ ಅನುಭವಿಗಳು ಮುಂದಿನ ಚಕ್ರದ ಹಬ್ಬಿನಲ್ಲೇ ಡೈನಮೋ ಕೂರಿಸಿ ಅದರಿಂದಲೇ ಚಾರ್ಜ್ ಮಾಡಿಕೊಳ್ಳುತ್ತಾರೆ. 6 ವೋಲ್ಟು, 3 ವ್ಯಾಟು. ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತ ನಮ್ಮ ತಲೆಮಾರಿಗೆ ನಗು ಬರದೆ ಇರುತ್ತದೆಯೇ? ಟೈರಿಗೆ ಉಜ್ಜಿಕೊಂಡು ಗೊರಗುಟ್ಟುತ್ತಿದ್ದ ಡೈನಮೋವನ್ನು ಗುಜರಿಗೆ ಹಾಕಿ ನಾವು ಕೈ ತೊಳೆದುಕೊಂಡಿದ್ದೆವು. ಈಗ ಅದು ಬೆಲೆ ಹೆಚ್ಚಿಸಿಕೊಂಡು ವಾಪಸ್ ಬಂದಿದೆ.

ನನ್ನ ತಕರಾರು ಬ್ಯಾಟರಿಯ ಮೇಲಲ್ಲ. ಸವೆಯುವುದು ಸೈಕಲ್ಲಿನ ಜಾಯಮಾನ. ಚೈನು ಸವೆಯುತ್ತದೆ, ಟೈರು ಸವೆಯುತ್ತದೆ, ಬ್ರೇಕಿನ ರಬ್ಬರು ಸವೆಯುತ್ತದೆ. ಯಾವ ಊರಿನ ಪಂಕ್ಚರ್ ಅಂಗಡಿಗೆ ಹೋದರೂ ಒಂದು ಸ್ಪ್ಯಾನರು, ಒಂದು ಪಂಪು, ಒಂದು ಬಾಂಡ್ಲಿ ನೀರು ಇರುತ್ತದೆ. ಅಷ್ಟರಲ್ಲಿ ಕೆಲಸ ಮುಗಿಯುತ್ತದೆ. ಚೈನು ಸವೆಯಿತೆಂದು ಸೈಕಲ್ ಬಿಸಾಕಿದವರನ್ನು ಕಂಡಿದ್ದೀರಾ? ಇಷ್ಟು ಸುಲಭವಾಗಿ ರಿಪೇರಿಯಾಗುವ ಗಾಡಿಯ ನೆತ್ತಿಯ ಮೇಲೆ, ಗೋಂದು ಹಾಕಿ ಬಾಯಿ ಮುಚ್ಚಿದ ಡಬ್ಬಿಯನ್ನು ತಂದು ಕೂರಿಸಿದ್ದಾರೆ. ಬ್ಯಾಟರಿ ಬದಲಾಯಿಸಿ ಕೊಡಿ ಎಂದರೆ, ಹೊಸ ಮಾಡೆಲ್ ಬಂದಿದೆ, ರಿಯಾಯಿತಿ ಇದೆ ಎಂಬ ಉತ್ತರ.

ಹಾಗಾಗಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಯೇ ಗತಿ. ಗೆಳೆಯರೊಬ್ಬರ ಜೊತೆ ಹೋಗಿದ್ದೆ. ಗಲ್ಲಿಯೊಳಗಿನ ಮೂರಡಿ ಮೇಜಿನ ಹಿಂದೆ ಕೂತ ಹುಡುಗ ಬಿಸಿಗಾಳಿ ಊದಿ, ಗಾಜಿನ ಅಂಚಿಗೆ ತೆಳು ಪ್ಲಾಸ್ಟಿಕ್ ತೂರಿಸಿ, ಗೋಂದನ್ನು ಸುತ್ತಲೂ ಬಿಡಿಸಿದ. ಒಳಗೆ ಬೆಳ್ಳಿ ಬಣ್ಣದ ಚಪ್ಪಟೆ ಚೀಲ, ಕೆಂಪು ಕಪ್ಪು ವೈರು. ಅದು ಊದಿಕೊಂಡು ಪರದೆಯನ್ನೇ ಒಂದು ಕೂದಲೆಳೆ ಮೇಲೆತ್ತಿತ್ತು. ಗೆಳೆಯರು ಉಗುರಿನಿಂದ ಒತ್ತಿ ನೋಡಲು ಹೊರಟರು. ‘ಸಾರ್, ಕೈ ತೆಗೀರಿ! ತೂತಾದ್ರೆ ಬೆಂಕಿ’ ಎಂದು ಹುಡುಗ ಗದರಿದ. ಆಮೇಲೆ ಅಳತೆ ತೆಗೆದು, ‘503040 ಕೊಡು’ ಎಂದು ಪಕ್ಕದ ಅಂಗಡಿಗೆ ಕೂಗಿದ. ಲಾಟರಿ ನಂಬರಲ್ಲ, ದಪ್ಪ 5 ಮಿಲಿಮೀಟರ್, ಅಗಲ 30, ಉದ್ದ 40. ಬೆಸುಗೆ ಹಾಕಿ, ಮೀಟರ್ ಕಣ್ಣು ತೆರೆದ ಮೇಲೆ ಷರತ್ತು ಹೇಳಿದ: ‘ಬ್ಯಾಟರಿಗೆ ಆರು ತಿಂಗಳು ಗ್ಯಾರಂಟಿ ಸಾರ್. ಮಳೆಗೆ ಗ್ಯಾರಂಟಿ ಇಲ್ಲ.’ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆಂಬ ಐಪಿಎಕ್ಸ್7 ಬಿರುದು ಗೋಂದಿನ ಜೊತೆಯಲ್ಲೇ ಹೋಯಿತು. ಅಂದಿನಿಂದ ಮೋಡ ಕಂಡರೆ ಸಾಕು, ಗೆಳೆಯರು ತಮ್ಮ ತಲೆಗಿಂತ ಮೊದಲು ಮೀಟರಿಗೆ ಪ್ಲಾಸ್ಟಿಕ್ ಕವರ್ ತೊಡಿಸುತ್ತಾರೆ.

ಯುರೋಪಿನವರು ಇದಕ್ಕೊಂದು ಕಾನೂನು ಮಾಡಿದ್ದಾರೆ. 2027ರ ಫೆಬ್ರವರಿ 18ರಿಂದ ಇಂಥ ಸಾಮಾನುಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು. ನೀರಿನಲ್ಲೇ ಬಳಸುವ, ತೊಳೆಯುವ ಕೆಲವು ಸಾಮಾನುಗಳಿಗೆ ಮಾತ್ರ ಒಂದು ಕಿಂಡಿ ಬಿಟ್ಟಿದ್ದಾರೆ. ಸವಾರನ ಬೆವರೂ ನೀರೇ ತಾನೆ ಎಂದು ಕಂಪನಿಗಳ ವಕೀಲರು ಈಗಾಗಲೇ ಬರೆಯಲು ಕೂತಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ಗೆಳೆಯರ ಮೀಟರ್ ಈಗ ಇಡೀ ದಿನ ಓಡುತ್ತಿದೆ. ಆದರೆ ಅಷ್ಟರಲ್ಲಿ ಬಿಸಿಲಿನಿಂದಲೇ ಒಂದಿಷ್ಟು ಚಾರ್ಜ್ ಆಗುವ ಸೋಲಾರ್ ಮಾಡೆಲ್ ಅವರ ಕಣ್ಣಿಗೆ ಬಿದ್ದು, ಅದೂ ಮನೆಗೆ ಬಂದಿದೆ. ‘ಹಳೇದು ಚೆನ್ನಾಗೇ ಇದೆಯಲ್ಲ ಗುರುವೇ?’ ಎಂದೆ. ‘ಅದು ಮಗನಿಗೆ ಕಣಯ್ಯಾ’ ಎಂದರು. ಮಗನ ಹತ್ತಿರ ಇರುವುದು ಬುಲೆಟ್ಟು.